ಬಾಟಮ್ ರೋಲರ್‌ಗೆ ನಡುವೆ ಸಪೋರ್ಟ್ ಇದೆ, ಆದರೂ ಶೆಲ್ ಹೊಟ್ಟೆ ಬಿಡುತ್ತಿದೆ

ಹುಬ್ಬಳ್ಳಿ ತಗಡು

ಎಲ್ಲರಿಗೂ ನಮಸ್ಕಾರ. ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಈಗ ಗಂಗಾವತಿ ಕಡೆಯ ಅಕ್ಕಿ ಮಿಲ್ ಒಂದಕ್ಕೆ ಬಾಯ್ಲರ್ ಚಿಮಣಿ ಮಾಡುತ್ತಿದ್ದೇವೆ. 3 ಎಂಎಂ ಎಂಎಸ್ (ಸಾದಾ ಉಕ್ಕಿನ) ಹಾಳೆ, 1250 × 2500 ಎಂಎಂ. ಉದ್ದದ ಬದಿಯನ್ನು ರೋಲರ್ ಉದ್ದಕ್ಕೆ ಇಟ್ಟು ಸುತ್ತಿದರೆ 400 ಎಂಎಂ ವ್ಯಾಸದ ಪೈಪ್ (ಶೆಲ್) ಆಗುತ್ತದೆ. ಉದ್ದಕ್ಕೆ ಒಂದೇ ಜಾಯಿಂಟ್.

ತೊಂದರೆ ಏನಂದ್ರೆ, ಎರಡೂ ತುದಿಯಲ್ಲಿ ಅಂಚಿಗೆ ಅಂಚು ಸರಿಯಾಗಿ ಕೂರುತ್ತದೆ. ನಡುವೆ ಮಾತ್ರ ಕೈ ತೂರುವಷ್ಟು ಬಾಯಿ ಬಿಡುತ್ತದೆ. ನಡುವೆ ಎಳೆದು ಕೂರಿಸೋಣ ಅಂದ್ರೆ ತುದಿಗಳು ಒಂದರ ಮೇಲೊಂದು ಹತ್ತುತ್ತವೆ. ಪುಲ್ಲರ್ ಹಾಕಿ, ಬೆಣೆ ಹೊಡೆದು ಟ್ಯಾಕ್ (ಚುಕ್ಕಿ ವೆಲ್ಡ್) ಮಾಡಿ ಮಾಡಿ ಹುಡುಗರಿಗೆ ಸಾಕಾಗಿದೆ.

ಹಾಳೆ ಸುತ್ತುವ ಮಷಿನ್ ಸೆಕೆಂಡ್ ಹ್ಯಾಂಡ್. ಮೂರು ರೋಲರ್, ಪಿರಮಿಡ್ ಟೈಪ್ (ಕೆಳಗೆ ಎರಡು, ಅವುಗಳ ನಡುವೆ ಮೇಲೊಂದು). ಟಾಪ್ 150 ಎಂಎಂ, ಬಾಟಮ್ ಎರಡೂ 120. ಬಾಟಮ್‌ಗಳ ಸೆಂಟರ್ ದೂರ 180. ಬೇರಿಂಗ್‌ನಿಂದ ಬೇರಿಂಗ್‌ಗೆ 2600. ಮಾರಿದವರು 4 ಎಂಎಂ ತನಕ ಆರಾಮಾಗಿ ಬಾಗುತ್ತದೆ ಅಂದಿದ್ದರು. ಬಾಟಮ್ ರೋಲರ್‌ಗಳ ಕೆಳಗೆ ನಡುಮಧ್ಯಕ್ಕೆ ಸಪೋರ್ಟ್ ರೋಲರ್ ಸೆಟ್ ಕೂಡ ಇದೆ. ಸಪೋರ್ಟ್ ಇದ್ದೂ ಹೀಗಾಗುತ್ತದೆ ಅಂದ್ರೆ ಏನರ್ಥ? ರೋಲರ್ ತೆಗೆದು ಇಎನ್24 (ಗಟ್ಟಿ ಅಲಾಯ್ ಸ್ಟೀಲ್) ಮೆಟೀರಿಯಲ್‌ನಲ್ಲಿ ಹೊಸದು ಮಾಡಿಸು ಅಂತ ಒಬ್ಬರು ಹೇಳುತ್ತಿದ್ದಾರೆ. ಖರ್ಚು ಮಾಡೋ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಉದ್ಯಮಬಾಗ್ ಲೇತ್

ಮೊದಲು ರೋಲರ್ ನೆಟ್ಟಗಿದೆಯೋ ಇಲ್ವೋ ನೋಡಿ ಸರ್. ಹಾಳೆ ಹಾಕದೆ ಖಾಲಿ ತಿರುಗಿಸಿ, ನಡುವೆ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ತೋರಿಸುವ ಮುಳ್ಳಿನ ಮಾಪಕ) ಇಡಿ. ಒಂದು ಸುತ್ತಿನಲ್ಲಿ ಮುಳ್ಳು ಹಿಂದೆ ಮುಂದೆ ಹೋದರೆ ರೋಲರ್ ಕಾಯಂ ಆಗಿ ಸೊಟ್ಟಗಾಗಿದೆ ಅಂತ. ಹಿಂದಿನವರು ಯಾವಾಗಲೋ ದಪ್ಪ ಪ್ಲೇಟ್ ಕೊಟ್ಟಿರುತ್ತಾರೆ. ಮುಳ್ಳು ಅಲ್ಲಾಡದಿದ್ದರೆ ರೋಲರ್ ಸರಿ ಇದೆ, ಲೋಡ್ ಬಂದಾಗ ಮಾತ್ರ ಬಾಗುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಪೀಣ್ಯ ಫಿಟ್ಟರ್

ಇದರ ಜೊತೆ ಇನ್ನೊಂದು ಪರೀಕ್ಷೆ ಮಾಡಿ ತಮ್ಮಾ. ಅದೇ ಹಾಳೆಯಿಂದ 100 ಎಂಎಂ ಅಗಲದ ಮೂರು ಪಟ್ಟಿ ಕತ್ತರಿಸು. ಒಂದು ಎಡ ತುದಿಗೆ, ಒಂದು ನಡುವೆ, ಒಂದು ಬಲ ತುದಿಗೆ. ಸ್ಕ್ರೂ ಮುಟ್ಟದೆ ಮೂರನ್ನೂ ಅದೇ ಸೆಟ್ಟಿಂಗ್‌ನಲ್ಲಿ ಸುತ್ತು. ಅಗಲ ಕಡಿಮೆ ಇರೋದರಿಂದ ಲೋಡ್ ಇರಲ್ಲ, ರೋಲರ್ ಬಾಗಲ್ಲ. ಎಡ ಬಲ ಬೇರೆ ಬಂದರೆ ಟಾಪ್ ರೋಲರ್ ಸಮಾಂತರ ಇಲ್ಲ. ನಡುವಿನದು ಮಾತ್ರ ಬೇರೆ ಬಂದರೆ ರೋಲರ್ ನಡುವೆ ಸವೆದಿದೆ, ಇಲ್ಲವೇ ಸಪೋರ್ಟ್ ಅತಿಯಾಗಿ ಎತ್ತಿದೆ. ಮೂರೂ ಒಂದೇ ಥರ ಬಂದು, ಪೂರ್ತಿ ಹಾಳೆ ಮಾತ್ರ ಹೊಟ್ಟೆ ಬಿಟ್ಟರೆ, ಅದು ಲೋಡ್‌ಗೆ ಬಾಗುತ್ತಿರೋದೇ.

ಹುಬ್ಬಳ್ಳಿ ತಗಡು

ಎರಡೂ ಮಾಡಿದೆವು. ಖಾಲಿ ತಿರುಗಿಸಿದಾಗ ಮುಳ್ಳು ಹೆಚ್ಚೂ ಕಡಿಮೆ ನಿಂತೇ ಇತ್ತು. ಮೂರು ಪಟ್ಟಿ ಒಂದರ ಮೇಲೊಂದು ಇಟ್ಟರೆ ಕೂರುತ್ತವೆ. ಹಾಗಾದರೆ ಲೋಡ್‌ಗೆ ಬಾಗುತ್ತಿದೆ. ಇಎನ್24 ಹಾಕಿಸಿದರೆ ಬಾಗೋದು ನಿಲ್ಲುತ್ತಾ?

ಲೆಕ್ಕದ ಮೇಷ್ಟ್ರು

ನಿಲ್ಲುವುದಿಲ್ಲ. ಈ ಮಾತು ಎಲ್ಲರೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಉಕ್ಕು ಯಾವ ಗ್ರೇಡ್ ಆಗಿರಲಿ, ಹಾರ್ಡನಿಂಗ್ ಆಗಿರಲಿ ಬಿಡಲಿ, ಅದರ ಬಿಗಿತ ಹೆಚ್ಚು ಕಡಿಮೆ ಒಂದೇ. ಸುಮಾರು 2,05,000 ಎಂಪಿಎ. ಇಎನ್24 ಬೇಗ ಮುರಿಯಲ್ಲ, ಬೇಗ ಕಾಯಂ ಸೊಟ್ಟಗಾಗಲ್ಲ. ಆದರೆ ಅದೇ ಲೋಡ್‌ಗೆ ಇಎನ್8 (ಸಾಮಾನ್ಯ ಕಾರ್ಬನ್ ಸ್ಟೀಲ್) ಎಷ್ಟು ಬಾಗುತ್ತದೋ ಅದೂ ಅಷ್ಟೇ ಬಾಗುತ್ತದೆ. ಬಾಗುವುದನ್ನು ಕಡಿಮೆ ಮಾಡುವುದು ಎರಡೇ: ದಪ್ಪ ಮತ್ತು ಎರಡು ಆಧಾರಗಳ ನಡುವಿನ ದೂರ. ಎರಡೂ ನಾಲ್ಕನೇ ಘಾತದಲ್ಲಿ ಕೆಲಸ ಮಾಡುತ್ತವೆ. 150ರ ರೋಲರ್ 160 ಆದರೆ ಬಿಗಿತ ಸುಮಾರು 29% ಏರುತ್ತದೆ. ದೂರ ಅರ್ಧ ಆದರೆ ಬಾಗುವುದು 16ರಲ್ಲಿ 1 ಪಾಲಿಗೂ ಕೆಳಗೆ ಬರುತ್ತದೆ.

ನಿಮ್ಮ ಅಳತೆಗೆ ಲೆಕ್ಕ ಹಾಕಿದೆ. ಯೀಲ್ಡ್ (ಹಾಳೆ ಕಾಯಂ ಆಗಿ ಬಾಗಲು ಶುರುವಾಗುವ ಒತ್ತಡ) 250 ಎಂಪಿಎ ಹಿಡಿದರೆ 2500 ಅಗಲದ 3 ಎಂಎಂ ಹಾಳೆಯನ್ನು ಪೂರ್ತಿ ಬಾಗಿಸಲು ಬೇಕಾದ ಮೊಮೆಂಟ್ (ಬಲ ಗುಣಿಸು ದೂರ) 250 × 2500 × 9 ÷ 4. ಅಂದರೆ ಸುಮಾರು 14 ಲಕ್ಷ ನ್ಯೂಟನ್ ಎಂಎಂ. ಬಾಟಮ್‌ಗಳ ದೂರ 180 ಇರುವುದರಿಂದ ಟಾಪ್ ರೋಲರ್ ಒತ್ತುವ ಬಲ ಇದರ 4 ಪಟ್ಟು ÷ 180. ಸುಮಾರು 31 ಕಿಲೋ ನ್ಯೂಟನ್, 3 ಟನ್‌ಗಿಂತ ಸ್ವಲ್ಪ ಜಾಸ್ತಿ. ಇದು ಉದ್ದಕ್ಕೂ ಸಮವಾಗಿ ಹರಡಿದೆ ಅಂತ ಇಟ್ಟುಕೊಂಡರೆ ಟಾಪ್ ರೋಲರ್ ನಡುವೆ ಸುಮಾರು 1.5 ಎಂಎಂ ಮೇಲಕ್ಕೆ ಬಾಗುತ್ತದೆ. ಬಾಟಮ್ ಒಂದೊಂದಕ್ಕೂ ಅರ್ಧ ಲೋಡ್ ಅಷ್ಟೇ. ಆದರೆ ಅವು 120ರವು. ಹಾಗಾಗಿ ಸಪೋರ್ಟ್ ಇಲ್ಲದಿದ್ದರೆ ಸುಮಾರು 1.8 ಎಂಎಂ ಕೆಳಕ್ಕೆ ಹೋಗುತ್ತವೆ. ಒಟ್ಟು ಅಂತರ ನಡುವೆ 3.3 ಎಂಎಂ ಬಾಯಿ ಬಿಟ್ಟ ಹಾಗೆ. ನಿಜದಲ್ಲಿ ನಡು ಇಳಿದಾಗ ತುದಿಗಳು ಜಾಸ್ತಿ ಹೊರುತ್ತವೆ. ಹಾಗಾಗಿ ಇದನ್ನು ಮೇಲಿನ ಅಂದಾಜು ಅಂತ ಓದಿ.

ಸಪೋರ್ಟ್ ಗಟ್ಟಿಯಾಗಿದ್ದರೆ ಬಾಟಮ್‌ನ ಆ 1.8 ಎಂಎಂ ಬರೀ 0.05ಕ್ಕೆ ಇಳಿಯಬೇಕು. ಇಳಿದಿಲ್ಲ ಅಂದರೆ ಸಪೋರ್ಟ್ ಕೆಲಸ ಮಾಡುತ್ತಿಲ್ಲ.

ಹುಬ್ಬಳ್ಳಿ ತಗಡು

ಮೇಷ್ಟ್ರೇ, ಅಲ್ಲೇ ನನಗೆ ಗೊಂದಲ. ಹಾಳೆ ಹಾಕಿ ಪೂರ್ತಿ ಲೋಡ್‌ನಲ್ಲಿ ಬಾಟಮ್ ರೋಲರ್ ನಡುವಿಗೆ ಡಯಲ್ ಇಟ್ಟು ನೋಡಿದೆವು. 0.1 ಕೂಡ ಇಳಿಯಲಿಲ್ಲ.

ಪೀಣ್ಯ ಫಿಟ್ಟರ್

ಡಯಲ್‌ನ ಮ್ಯಾಗ್ನೆಟ್ ಎಲ್ಲಿ ಅಂಟಿಸಿದ್ದೆ?

ಹುಬ್ಬಳ್ಳಿ ತಗಡು

ಮಷಿನ್ ಬೆಡ್ (ಕೆಳಗಿನ ಚೌಕಟ್ಟು) ಮೇಲೆ. ಸಪೋರ್ಟ್ ಬ್ರಾಕೆಟ್ ಪಕ್ಕದಲ್ಲೇ.

ಪೀಣ್ಯ ಫಿಟ್ಟರ್

ಹಾಂ. ರೋಲರ್, ಸಪೋರ್ಟ್, ಬೆಡ್ ಮೂರೂ ಒಟ್ಟಿಗೆ ಇಳಿದರೆ ಡಯಲ್‌ಗೆ ಏನು ಗೊತ್ತಾಗುತ್ತೆ ಹೇಳು? ಅದೂ ಜೊತೆಗೇ ಇಳಿಯುತ್ತೆ. ಸ್ಟ್ಯಾಂಡನ್ನು ನೆಲದ ಮೇಲೆ ಇಡು. ಒಂದು ದಪ್ಪ ಪ್ಲೇಟ್ ನೆಲಕ್ಕೆ ಹಾಕಿ ಅದಕ್ಕೆ ಮ್ಯಾಗ್ನೆಟ್ ಅಂಟಿಸು. ಮುಳ್ಳು ಬೆಡ್‌ನ ಕೆಳಗಿನ ಅಂಚಿಗೆ ತಾಗಲಿ. ಮಷಿನ್ ಓಡುವಾಗ ಕೈ ಒಳಗೆ ಹಾಕಬೇಡ, ಫೋನ್ ಇಟ್ಟು ವಿಡಿಯೋ ಮಾಡಿ ಆಮೇಲೆ ಓದು.

ಬೆಡ್ ಯಾವುದರಲ್ಲಿ ಮಾಡಿದ್ದಾರೆ? ನಡುವೆ ನೆಲಕ್ಕೆ ತಾಗಿದೆಯಾ, ಇಲ್ಲಾ ಎರಡು ಕಡೆ ಬೇರಿಂಗ್ ಹೌಸಿಂಗ್ ಕೆಳಗೆ ಮಾತ್ರ ಕೂತಿದೆಯಾ?

ಹುಬ್ಬಳ್ಳಿ ತಗಡು

150ರ ಚಾನೆಲ್ ಎರಡು. ನಡುವೆ ನೆಲಕ್ಕೂ ಬೆಡ್‌ಗೂ ಮುಷ್ಟಿ ತೂರುವಷ್ಟು ಸಂದು ಇದೆ. ಅದರೊಳಗೆ ಪೊರಕೆ ಹಾಕಿ ಸ್ಕೇಲ್ (ಹಾಳೆಯಿಂದ ಉದುರುವ ಹಕ್ಕಳೆ) ಗುಡಿಸುತ್ತೇವೆ, ಅನುಕೂಲ ಅಂತ ಹಾಗೇ ಬಿಟ್ಟಿದ್ದು.

ಲೆಕ್ಕದ ಮೇಷ್ಟ್ರು

ಸಿಕ್ಕಿತು ನೋಡಿ. ನಡುವೆ ಗಟ್ಟಿ ಆಧಾರ ಇದ್ದಾಗ ರೋಲರ್ ಮೇಲಿನ ಲೋಡ್‌ನ 8ರಲ್ಲಿ 5 ಪಾಲು ಆ ಒಂದು ಜಾಗಕ್ಕೇ ಬರುತ್ತದೆ. ಉಳಿದ 3 ಪಾಲು ಮಾತ್ರ ಎರಡು ತುದಿಯ ಬೇರಿಂಗ್‌ಗೆ. ನಿಮ್ಮ ಲೋಡ್‌ಗೆ ಒಂದೊಂದು ಬಾಟಮ್‌ನಿಂದ ಸುಮಾರು 1 ಟನ್. ಎರಡೂ ಸೇರಿ 2 ಟನ್ ಬೆಡ್‌ನ ನಟ್ಟನಡುವೆ ಕೂರಲು ನೋಡುತ್ತದೆ. 150ರ ಚಾನೆಲ್ ಎರಡು ಸೇರಿದರೂ ಅವುಗಳ ಬಿಗಿತ ಆ ಎರಡು 120ರ ರೋಲರ್‌ಗಿಂತ ಕಡಿಮೆ! ಅಂದರೆ ಸೊಂಟ ನೋವಿರುವವನ ಹೆಗಲಿಗೆ ಮೂಟೆ ಹೊರಿಸಿದ ಹಾಗಾಯಿತು. ಬೆಡ್ ಬಗ್ಗುತ್ತದೆ, ರೋಲರ್ ಅದರ ಹಿಂದೆಯೇ ಬಗ್ಗುತ್ತದೆ. ಎರಡನ್ನೂ ಜೊತೆ ಮಾಡಿ ಲೆಕ್ಕ ಹಾಕಿದರೆ 1.8 ಎಂಎಂನಲ್ಲಿ ಹತ್ತಿರ ಹತ್ತಿರ 1 ಎಂಎಂ ಹಾಗೇ ಉಳಿಯುತ್ತದೆ.

200ರ ಐ ಬೀಮ್ ಒಂದನ್ನು ಹಾಕಿದರೂ ದೊಡ್ಡ ಸುಖವಿಲ್ಲ. 2600 ದೂರಕ್ಕೆ ನಡುವೆ 2 ಟನ್ ಇಟ್ಟರೆ ಅದೊಂದೇ 1.5 ಎಂಎಂ ಬಾಗುತ್ತದೆ. ಬೆಡ್ ದಪ್ಪ ಮಾಡುತ್ತಾ ಹೋಗುವುದಕ್ಕಿಂತ ನಡುವೆ ನೆಲಕ್ಕೆ ಕೂರಿಸುವುದು ಅಗ್ಗ.

ಹೊಸ ವೆಲ್ಡರ್

ಇಷ್ಟೆಲ್ಲಾ ಯಾಕೆ ಅಣ್ಣಾ? ಒಂದೇ ಸಲ ಒತ್ತದೆ, ಸ್ವಲ್ಪ ಸ್ವಲ್ಪ ಒತ್ತಿ ಜಾಸ್ತಿ ಪಾಸ್ ಕೊಟ್ಟರೆ ಲೋಡ್ ಕಡಿಮೆ ಆಗಲ್ವಾ?

ಲೆಕ್ಕದ ಮೇಷ್ಟ್ರು

ಎಲ್ಲರೂ ಹೀಗೇ ನಂಬಿದ್ದಾರೆ. ಆದರೆ ಹಾಳೆ ಕಾಯಂ ಆಗಿ ಬಾಗಬೇಕು ಅಂದರೆ ಪ್ರತಿ ಪಾಸ್‌ನಲ್ಲೂ ಯೀಲ್ಡ್ ದಾಟಲೇಬೇಕು. ದಾಟಿದ ಮೇಲೆ ಬಲ ಜಾಸ್ತಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 3 ಎಂಎಂ ಹಾಳೆಯನ್ನು 1200 ವ್ಯಾಸಕ್ಕೆ ಸುತ್ತಿದರೂ ಮೊಮೆಂಟ್ ಪೂರ್ತಿ ಬಲದ 90%ಗಿಂತ ಮೇಲೇ ಇರುತ್ತದೆ. ಹಾಗಾಗಿ ದೊಡ್ಡ ವ್ಯಾಸ ಅಂದರೆ ಕಡಿಮೆ ಲೋಡ್ ಅಂತಲೂ ಅಲ್ಲ. ಪಾಸ್ ಜಾಸ್ತಿ ಕೊಟ್ಟರೆ ಅಳತೆ ಮೇಲೆ ಹಿಡಿತ ಸಿಗುತ್ತದೆ, ಅದು ನಿಜ. ರೋಲರ್ ಬಾಗುವುದು ತಪ್ಪಲ್ಲ. ಹಾಳೆ ದಪ್ಪ ಆದರೆ ಮಾತ್ರ ಬಲ ದಪ್ಪದ ವರ್ಗದಲ್ಲಿ ಏರುತ್ತದೆ. 3ರಿಂದ 4 ಎಂಎಂಗೆ ಹೋದರೆ ಬಲ ಸುಮಾರು 1.8 ಪಟ್ಟು.

ಮಿಲ್ ಶಿಫ್ಟ್ ಬಿ

ನಾನು ತೋರಣಗಲ್ಲಿನಲ್ಲಿ ಹಾಟ್ ಸ್ಟ್ರಿಪ್ ಮಿಲ್‌ನಲ್ಲಿ ಇರುವವನು. ನಮ್ಮಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಹಾಳೆಗೆ ತಾಗುವ ವರ್ಕ್ ರೋಲ್ ಸಣ್ಣದು, ಅದರ ಬೆನ್ನಿಗೆ ಎರಡು ಪಟ್ಟು ದಪ್ಪದ ಬ್ಯಾಕಪ್ ರೋಲ್. ಕೆಳಗೊಂದು, ಮೇಲೊಂದು, ಒಟ್ಟು ನಾಲ್ಕು. ತೆಳು ಸ್ಟೇನ್‌ಲೆಸ್ ಉರುಳಿಸುವ ಸೆಂಡ್ಜಿಮಿರ್ ಮಿಲ್‌ನಲ್ಲಿ 20 ರೋಲ್ ಇರುತ್ತವೆ, ಎರಡು ಮಾತ್ರ ಹಾಳೆಗೆ ತಾಗುತ್ತವೆ, ಉಳಿದ 18 ಬೆನ್ನು ಕಾಯಲು. ಸೇಲಂ ಉಕ್ಕಿನ ಕಾರ್ಖಾನೆಯಲ್ಲಿ ಅಂಥದ್ದು ಇದೆ.

ಆದರೆ ನಿಮ್ಮ ಮಷಿನ್‌ನಲ್ಲಿ ಟಾಪ್ ರೋಲರ್‌ಗೆ ಬ್ಯಾಕಪ್ ಕೊಡಲು ಆಗಲ್ಲ. ನಮ್ಮ ಸ್ಟ್ರಿಪ್ ನೆಟ್ಟಗೆ ಹೋಗುತ್ತದೆ, ನಿಮ್ಮದು ಟಾಪ್ ರೋಲರ್ ಸುತ್ತಲೇ ಸುತ್ತಿಕೊಳ್ಳುತ್ತದೆ. ಅಲ್ಲಿ ಏನಿಟ್ಟರೂ ಹಾಳೆಗೆ ಅಡ್ಡ.

ಉದ್ಯಮಬಾಗ್ ಲೇತ್

ಹಾಗಾಗಿಯೇ ಟಾಪ್ ರೋಲರ್ ದಪ್ಪ ಇಡುತ್ತಾರೆ. ತೀರಾ ದಪ್ಪ ಮಾಡಿದರೆ ಸಣ್ಣ ವ್ಯಾಸದ ಪೈಪ್ ಬರಲ್ಲ. ಟಾಪ್ ರೋಲರ್‌ನ ಒಂದೂಕಾಲು, ಒಂದೂವರೆ ಪಟ್ಟಿಗಿಂತ ಸಣ್ಣ ಶೆಲ್ ಸುತ್ತುವುದು ಕಷ್ಟ.

ಹುಬ್ಬಳ್ಳಿ ತಗಡು

ನೆಲದ ಮೇಲೆ ಡಯಲ್ ಇಟ್ಟೆವು. ಲೋಡ್‌ನಲ್ಲಿ ಬೆಡ್ ನಡು 0.9 ಎಂಎಂ ಇಳಿಯುತ್ತದೆ! ಹಾಳೆ ಹೊರಬಂದ ತಕ್ಷಣ ಮುಳ್ಳು ವಾಪಸ್ ಸೊನ್ನೆಗೆ. ಮೇಷ್ಟ್ರ ಲೆಕ್ಕ ನೋಡಿ ಹುಡುಗರೆಲ್ಲ ದಂಗಾದರು. ಈಗ ನಡುವೆ ಏನು ಹಾಕಲಿ? ಕಟ್ಟಿಗೆ ತುಂಡು ಸಾಕಾ?

ಪೀಣ್ಯ ಫಿಟ್ಟರ್

ಕಟ್ಟಿಗೆ ಬೇಡಪ್ಪಾ, ಅದು ಅಮುಕುತ್ತೆ. ಮೊದಲು ಸಂದಿನಲ್ಲಿರೋ ಸ್ಕೇಲ್, ಎಣ್ಣೆ ಎಲ್ಲಾ ತೆಗೆದು ನೆಲ ಕೆರೆದು ಒರಟು ಮಾಡು. 300 × 300ರ 20 ಎಂಎಂ ಪ್ಲೇಟನ್ನು ಎರಡು ಚಾನೆಲ್‌ಗೂ ಸೇರುವ ಹಾಗೆ ಇಡು. ಪ್ಲೇಟ್‌ಗೂ ಚಾನೆಲ್‌ಗೂ ನಡುವೆ ಜೋಡಿ ಬೆಣೆ, ಎದುರು ಬದುರು. ಪ್ಲೇಟ್ ಕೆಳಗೆ ಕುಗ್ಗದ ಗ್ರೌಟ್ (ಸಂದು ತುಂಬುವ ಮಿಶ್ರಣ) ಹಾಕು. ಸಾದಾ ಸಿಮೆಂಟ್ ಒಣಗಿದ ಮೇಲೆ ಕುಗ್ಗಿ ಸಂದು ಬಿಡುತ್ತೆ, ಪಟ್ಟ ಪಾಡೆಲ್ಲ ದಂಡ. ಗ್ರೌಟ್ ಪೂರ್ತಿ ಗಟ್ಟಿಯಾದ ಮೇಲೆ ಬೆಣೆ ಬಿಗಿ ಮಾಡು. ನೆಲಕ್ಕಿಟ್ಟ ಡಯಲ್ ನೋಡ್ತಾ ಬಿಗಿ ಮಾಡು, ಮುಳ್ಳು ಅಲ್ಲಾಡಿತು ಅಂದ ಕೂಡಲೇ ನಿಲ್ಲಿಸು. 2 ಟನ್ ಅಂದ್ರೆ ಆ ಅಳತೆಯ ಕಾಂಕ್ರೀಟ್‌ಗೆ ಏನೂ ಅಲ್ಲ. ಲೋಡ್ ಕೆಳಮುಖ, ಹಾಗಾಗಿ ಅಲ್ಲಿ ಆಂಕರ್ ಬೋಲ್ಟ್ ಕೂಡ ಬೇಕಿಲ್ಲ.

ಅದು ಆದ ಮೇಲೆ ಸಪೋರ್ಟ್ ಬ್ರಾಕೆಟ್ ಕಡೆ ಬಾ. ಒಂದೊಂದು ಬಾಟಮ್ ಕೆಳಗೆ ಎಷ್ಟು ಸಪೋರ್ಟ್ ರೋಲರ್ ಇವೆ?

ಹುಬ್ಬಳ್ಳಿ ತಗಡು

ಒಂದೊಂದೇ. ನೇರ ಕೆಳಗೆ.

ಲೆಕ್ಕದ ಮೇಷ್ಟ್ರು

ಅದೂ ಸರಿಯಿಲ್ಲ. ಬಾಟಮ್ ರೋಲರ್ ಮೇಲೆ ಬಲ ನೇರ ಕೆಳಕ್ಕೆ ಬರಲ್ಲ. ಕೆಳಕ್ಕೆ ಮತ್ತು ಹೊರಕ್ಕೆ ಬರುತ್ತದೆ. ನಿಮ್ಮ 400ರ ಪೈಪ್‌ಗೆ ಕೊನೆಯ ಪಾಸ್‌ನಲ್ಲಿ ಸುಮಾರು 20 ಡಿಗ್ರಿ ಓರೆ. ವ್ಯಾಸ ಸಣ್ಣದಾದಷ್ಟೂ ಓರೆ ಜಾಸ್ತಿ. ನಿಮ್ಮ ಲೋಡ್‌ನಲ್ಲಿ ಹೊರಮುಖ ಬಲವೇ ಅರ್ಧ ಟನ್‌ಗಿಂತ ಜಾಸ್ತಿ. ನೇರ ಕೆಳಗಿರುವ ಒಂಟಿ ರೋಲರ್ ಅದನ್ನು ತಡೆಯಲ್ಲ, ಬಾಟಮ್ ರೋಲರ್ ನಡುವೆ ಹೊರಕ್ಕೆ ಬಾಗುತ್ತದೆ. ಎರಡು ಸಣ್ಣ ರೋಲರ್‌ಗಳನ್ನು ಇಂಗ್ಲಿಷ್ ವಿ ಆಕಾರದಲ್ಲಿ ಇಟ್ಟು ಅದರ ನಡುವೆ ಬಾಟಮ್ ಕೂರುವ ಹಾಗೆ ಮಾಡಿ. ಜಾಗ ಇದ್ದರೆ ಇಡೀ ವಿ ಸ್ವಲ್ಪ ಹೊರಕ್ಕೆ ವಾಲಿರಲಿ.

ಉದ್ಯಮಬಾಗ್ ಲೇತ್

ಸಪೋರ್ಟ್ ರೋಲರ್ ನಾನು ಮಾಡಿಕೊಟ್ಟ ಅನುಭವ ಇದೆ. 80 ಎಂಎಂ ವ್ಯಾಸ, ಮೈ ಅಗಲ ಇರಲಿ. 30ರ ಪಿನ್, 50 ಉದ್ದದ ಗನ್‌ಮೆಟಲ್ ಬುಷ್, ಪಿನ್ ಒಳಗಿಂದ ಗ್ರೀಸ್ ನಿಪ್ಪಲ್. ಬೇರಿಂಗ್ ಹಾಕಿ ಅನ್ನುವವರು ಇದ್ದಾರೆ. ಆದರೆ ಈ ಮಷಿನ್ ನಿಮಿಷಕ್ಕೆ ನಾಲ್ಕೈದು ಮೀಟರ್ ಓಡುತ್ತದೆ ಅಷ್ಟೇ. ಸಪೋರ್ಟ್ ರೋಲರ್ ನಿಮಿಷಕ್ಕೆ 20 ಸುತ್ತು ಹಾಕಿದರೆ ಹೆಚ್ಚು. ಅಷ್ಟು ನಿಧಾನಕ್ಕೆ, ಅಷ್ಟು ಧೂಳಿಗೆ ಬುಷ್ಷೇ ವಾಸಿ. ಸ್ಕೇಲ್ ಬಿದ್ದರೂ ಬುಷ್ ತಾಳಿಕೊಳ್ಳುತ್ತದೆ, ಬಾಲ್ ಬೇರಿಂಗ್ ಕರಕರ ಅನ್ನಲು ಶುರು ಮಾಡುತ್ತದೆ.

ಎತ್ತರ ಹೊಂದಿಸಲು ಬ್ರಾಕೆಟ್ ಕೆಳಗೆ ಬೆಣೆ ಮತ್ತು ಸ್ಕ್ರೂ ಇರಲಿ. ಬರೀ ಬೋಲ್ಟ್ ಮೇಲೆ ನಿಲ್ಲಿಸಿದರೆ ಕಂಪನಕ್ಕೆ ಇಳಿದುಬಿಡುತ್ತದೆ.

ಶಾರ್ಜಾ ಕನ್ನಡಿಗ

ನಾವು ಇಲ್ಲಿ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಟ್ಯಾಂಕ್ ಕೆಲಸ ಜಾಸ್ತಿ ಮಾಡುತ್ತೇವೆ. ಒಂದು ಎಚ್ಚರಿಕೆ. ಸಪೋರ್ಟ್ ರೋಲರ್ ಓಡುವ ಜಾಗದಲ್ಲಿ ಬಾಟಮ್ ರೋಲರ್ ಮೇಲೆ ಪಟ್ಟೆ ಬೀಳುತ್ತದೆ. ಎಂಎಸ್ ಸ್ಕೇಲ್ ಮೇಲಿಂದ ಉದುರಿ ಆ ಎರಡರ ನಡುವೆ ಸಿಕ್ಕಿದರೆ ರೋಲರ್ ಮೈಗೆ ಒತ್ತಿಕೊಳ್ಳುತ್ತದೆ. ಆಮೇಲೆ ಎಸ್‌ಎಸ್ ಹಾಕಿದಾಗ ಆ ಗುರುತೆಲ್ಲ ಹಾಳೆಯ ನಡುವೆ ಅಚ್ಚಾಗುತ್ತದೆ. ಹೊರಮೈ ಪಾಲಿಶ್ ಇರುವ ಕೆಲಸ ಆದರೆ ಗ್ರಾಹಕ ವಾಪಸ್ ಕಳಿಸುತ್ತಾನೆ. ನಾವು ಸಪೋರ್ಟ್‌ಗೆ ಮೇಲಿನಿಂದ ತಗಡಿನ ಮುಚ್ಚಳ ಮಾಡಿ, ಅದರ ಅಂಚಿಗೆ ದಪ್ಪ ಫೆಲ್ಟ್ ಪಟ್ಟಿ ಹಾಕಿದ್ದೇವೆ. ಫೆಲ್ಟ್ ರೋಲರ್ ಮೈಯನ್ನು ಒರೆಸುತ್ತಾ ಇರುತ್ತದೆ. ಎಸ್‌ಎಸ್ ಹಾಳೆಯ ಪ್ಲಾಸ್ಟಿಕ್ ಫಿಲಂ ರೋಲಿಂಗ್ ಮುಗಿಯೋವರೆಗೆ ತೆಗೆಯುವುದಿಲ್ಲ.

ಹುಬ್ಬಳ್ಳಿ ತಗಡು

ಬೆಣೆ, ಗ್ರೌಟ್ ಆಯಿತು. ವಿ ಬ್ರಾಕೆಟ್ ಮಾಡಿಸಿ ಹಾಕಿದೆವು. ಈಗ ಪೂರ್ತಿ ಲೋಡ್‌ನಲ್ಲಿ ಬೆಡ್ ನಡು 0.1 ಕೂಡ ಇಳಿಯಲ್ಲ. ಜಾಯಿಂಟ್ ಸಂದು ತುಂಬಾ ಕಡಿಮೆ ಆಗಿದೆ, ಆದರೂ ಬೆರಳು ಹೋಗುವಷ್ಟು ಉಳಿದಿದೆ. ಇದು ಟಾಪ್ ರೋಲರ್ ಬಾಗುವುದರಿಂದ, ಅಲ್ವಾ?

ಲೆಕ್ಕದ ಮೇಷ್ಟ್ರು

ಹೌದು. ಆ 1.5 ಎಂಎಂ ಇದ್ದೇ ಇದೆ.

ಉದ್ಯಮಬಾಗ್ ಲೇತ್

ಟಾಪ್ ರೋಲರ್‌ಗೆ ಕ್ರೌನ್ ಕೊಡಿಸಿ. ನಡುವೆ ದಪ್ಪ, ತುದಿಗೆ ತೆಳು. ಬಾಗಿದಾಗ ನೆಟ್ಟಗಾಗುತ್ತದೆ.

ಲೆಕ್ಕದ ಮೇಷ್ಟ್ರು

ಕ್ರೌನ್ ಒಂದು ದಪ್ಪಕ್ಕೆ ಮಾತ್ರ ಸರಿ ಹೋಗುತ್ತದೆ, ಅದೇ ಅದರ ತೊಡಕು. 3 ಎಂಎಂಗೆ ಪೂರ್ತಿ ಕೊಡಬೇಕಾದರೆ ವ್ಯಾಸದಲ್ಲಿ 3 ಎಂಎಂ ಹತ್ತಿರ ವ್ಯತ್ಯಾಸ ಬೇಕು. ನಾಳೆ 1.6 ಎಂಎಂ ಹಾಳೆ ಹಾಕಿದರೆ ಲೋಡ್ ಮೂರನೇ ಒಂದು ಭಾಗವೂ ಇರಲ್ಲ, ರೋಲರ್ ಬಾಗಲ್ಲ. ಆಗ ನಡು ಜಾಸ್ತಿ ಒತ್ತಿ ಪೈಪ್ ಡಮರುಗದಂತೆ ನಡು ಸಣ್ಣಗಾಗುತ್ತದೆ. ತುದಿಯಲ್ಲಿ ಬಾಯಿ ಬಿಡುತ್ತದೆ. ಕೊಡುವುದಾದರೆ ಅರ್ಧ ಕ್ರೌನ್ ಕೊಡಿ. ಹುಬ್ಬಳ್ಳಿಯವರು ಎಲ್ಲಾ ದಪ್ಪವೂ ಸುತ್ತುವವರು ಅಂದರೆ ನಾನಂತೂ ಕ್ರೌನ್ ಬೇಡ ಅನ್ನುತ್ತೇನೆ.

ಪೀಣ್ಯ ಫಿಟ್ಟರ್

ಸಪೋರ್ಟ್ ಬೆಣೆ ಇರೋದು ಯಾಕೆ ಮತ್ತೆ? ದಪ್ಪ ಹಾಳೆ ಬಂದಾಗ ಸಪೋರ್ಟನ್ನೇ ಅರ್ಧ ಎಂಎಂ, ಮುಕ್ಕಾಲು ಎಂಎಂ ಎತ್ತು. ಬಾಟಮ್ ನಡುವೆ ಮೇಲಕ್ಕೆ ಬಾಗುತ್ತೆ, ಟಾಪ್ ಬಾಗಿದ್ದಕ್ಕೆ ಅಷ್ಟು ಸರಿ ಹೋಯ್ತು. ತೆಳು ಹಾಳೆಗೆ ಮತ್ತೆ ಇಳಿಸು.

ಉದ್ಯಮಬಾಗ್ ಲೇತ್

ಬಾಗಿಸಿಟ್ಟು ತಿರುಗಿಸಿದರೆ ರೋಲರ್ ಸುಸ್ತಾಗಿ ಬಿರುಕು ಬಿಡಲ್ವಾ?

ಲೆಕ್ಕದ ಮೇಷ್ಟ್ರು

120ರ ರೋಲರನ್ನು 2600 ದೂರಕ್ಕೆ ನಡುವೆ 1 ಎಂಎಂ ಎತ್ತಿದರೆ ಬರುವ ಒತ್ತಡ 22 ಎಂಪಿಎ ಅಷ್ಟೇ. ಇಎನ್8ಗೆ ಅದು ಲೆಕ್ಕಕ್ಕೇ ಇಲ್ಲ. ನೋಡಬೇಕಾದ್ದು ತುದಿಯ ಬೇರಿಂಗ್ ಬ್ಲಾಕ್. ಹಾಳೆ ಇಲ್ಲದಾಗ ರೋಲರ್ ತುದಿಗಳು ಬ್ಲಾಕ್‌ನ ಮೇಲಿನ ಅರ್ಧಕ್ಕೆ ಒತ್ತುತ್ತವೆ, ಅದು ಸರಿ. ಆದರೆ ಬೆಣೆಯನ್ನು ಎಳೆದೆಳೆದು 2, 3 ಎಂಎಂ ಎತ್ತಿದರೆ ಸಪೋರ್ಟ್ ಪಿನ್, ಬುಷ್, ಬೆಡ್ ಎಲ್ಲದರ ಮೇಲೂ ಖಾಲಿ ಇರುವಾಗಲೇ ಟನ್‌ಗಟ್ಟಲೆ ಲೋಡ್. ಮುಕ್ಕಾಲು ಎಂಎಂ ದಾಟಬೇಡಿ.

ಉಳಿದದ್ದಕ್ಕೆ ಶಿಮ್. ಅರ್ಧ ಎಂಎಂ ಜಿಐ ತಗಡಿನ ಪಟ್ಟಿ, ನಡುವೆ ರೋಲರ್ ಉದ್ದದಲ್ಲಿ 800 ಅಗಲ. ಹಾಳೆಯ ಒಳಮೈಗೆ ಟೇಪ್ ಹಾಕಿ ಅಂಟಿಸಿ, ಹಾಳೆ ಜೊತೆಗೇ ಸುತ್ತಲಿ. ಸಾಲದಿದ್ದರೆ ಅದರ ಮೇಲೆ 400 ಅಗಲದ್ದು ಇನ್ನೊಂದು. ಮೆಟ್ಟಿಲು ಮೆಟ್ಟಿಲಾಗಿ ಇಡಿ, ಇಲ್ಲದಿದ್ದರೆ ಪಟ್ಟಿಯ ಅಂಚು ಹಾಳೆ ಮೇಲೆ ಗೆರೆ ಮೂಡಿಸುತ್ತದೆ.

ಹುಬ್ಬಳ್ಳಿ ತಗಡು

ಅರ್ಧ ಎಂಎಂ ಎತ್ತಿ, 800ರ ಒಂದು ಶಿಮ್ ಹಾಕಿದೆವು. ಪುಲ್ಲರ್ ಇಲ್ಲದೆ ಟ್ಯಾಕ್ ಹಾಕಿದ್ದಾರೆ ಹುಡುಗರು. ಬೆಣೆ ಸ್ಕ್ರೂ ಪಕ್ಕದಲ್ಲಿ ಪೇಂಟ್‌ನಲ್ಲಿ ಎರಡು ಗೆರೆ ಹಾಕಿಸಿದೆ, ಒಂದು 1.6ಕ್ಕೆ, ಒಂದು 3ಕ್ಕೆ. ಮಾರಿದವರು ಹೇಳಿದ 4 ಎಂಎಂ ಮಾತ್ರ ಪೂರ್ತಿ ಉದ್ದಕ್ಕೆ ಈ ಮಷಿನ್‌ನಲ್ಲಿ ಆಗದ ಮಾತು. ಯಾರಾದರೂ ಕೇಳಿದರೆ ಒಂದೂಕಾಲು ಮೀಟರ್ ಅಗಲ ಮಾತ್ರ ಅನ್ನುತ್ತೇನೆ.

ಹೊಸ ವೆಲ್ಡರ್

ಅಣ್ಣಾ, ಇದರ ಮಧ್ಯೆ ಒಂದು ಕೇಳ್ತೀನಿ. ನಮಗೆ ಹಾಪರ್ ಕೋನ್ ಸುತ್ತಬೇಕು, 600 ಎತ್ತರ. ಟಾಪ್ ರೋಲರ್ ಓರೆ ಮಾಡ್ತೀವಲ್ಲ, ಆಗ ನಡುವಿನ ಸಪೋರ್ಟ್ ಕೂಡ ಓರೆ ಮಾಡಬೇಕಾ?

ಪೀಣ್ಯ ಫಿಟ್ಟರ್

ನಿಮ್ಮದು ಪಿರಮಿಡ್ ಟೈಪಾ? ಹಾಗಾದ್ರೆ ಓರೆ ಆಗೋದು ಟಾಪ್ ಮಾತ್ರ, ಬಾಟಮ್ ಎರಡೂ ಅಲ್ಲೇ ಇರುತ್ತವೆ. ಸಪೋರ್ಟ್ ಮುಟ್ಟಬೇಡ. 600 ಎತ್ತರದ ಕೋನ್ ಅಂದ್ರೆ ಸಣ್ಣ ಬಾಯಿಯನ್ನು ಹೌಸಿಂಗ್ ಕಡೆ ಇಟ್ಟು ತುದಿಯಲ್ಲೇ ಸುತ್ತುತ್ತೀಯ, ಲೋಡ್ ಬೇರಿಂಗ್ ಪಕ್ಕದಲ್ಲೇ ಇರುತ್ತೆ. ಬಾಟಮ್ ರೋಲರ್ ಒಂದು ಕಡೆ ಎತ್ತುವ ಮಷಿನ್ ಆದರೆ ಸಪೋರ್ಟ್ ಮೊದಲು ಪೂರ್ತಿ ಇಳಿಸು, ರೋಲರ್ ಓರೆ ಮಾಡು, ಆಮೇಲೆ ತಾಗುವಷ್ಟು ಮಾತ್ರ ಏರಿಸು. ಕೋನ್ ಬಗ್ಗೆ ಬೇರೆ ಚರ್ಚೆ ಶುರು ಮಾಡು, ದೊಡ್ಡ ಬಾಯಿ, ಸಣ್ಣ ಬಾಯಿ, ದಪ್ಪ ಮೂರೂ ಬರಿ. ಮಾರ್ಕಿಂಗ್ ಹೆಂಗೆ ಅಂತ ಅಲ್ಲಿ ಹೇಳ್ತೀನಿ.